ಖಾಸಗಿ ಕ್ಯಾಟಮರಾನ್ ವಿಹಾರ: ಒಂದು ದಿನದ ಬಾಡಿಗೆಯಲ್ಲಿ ಅಡಗಿರುವ ವ್ಯವಹಾರ ಪಾಠ
(ಮಾರಿಷಸ್ ದ್ವೀಪದ ಅನುಭವವನ್ನು ಆಧರಿಸಿದ ಅಧ್ಯಯನ ಲೇಖನ)

ಉಷ್ಣವಲಯದ ಕಡಲತೀರಗಳಿಗೆ ಪ್ರವಾಸ ಹೋಗುವ ಭಾರತೀಯರ ಪೈಕಿ ನವದಂಪತಿಗಳು, ಕುಟುಂಬಗಳು ಮತ್ತು ಕಂಪನಿಗಳ ವತಿಯಿಂದ ಪ್ರೋತ್ಸಾಹ ಪ್ರವಾಸಕ್ಕೆ ತೆರಳುವ ವಿತರಕರು ಪ್ರಮುಖರು. ಇವರು ಇಷ್ಟಪಡುವ ತಾಣಗಳಲ್ಲಿ ಹಿಂದೂ ಮಹಾಸಾಗರದ ಮಾರಿಷಸ್ ಒಂದು. ಭಾರತೀಯ ಪ್ರವಾಸಿಗರಿಗೆ ಮುಂಗಡ ವೀಸಾದ ತೊಡಕಿಲ್ಲದಿರುವುದು, ಎರಡೂ ದೇಶಗಳ ನಡುವಣ ಸಮಗ್ರ ಆರ್ಥಿಕ ಸಹಕಾರ ಮತ್ತು ಪಾಲುದಾರಿಕೆ ಒಪ್ಪಂದವು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದು, 2024ರ ಫೆಬ್ರವರಿ 12ರಂದು ಅಲ್ಲಿ ಯುಪಿಐ ಮತ್ತು ರುಪೇ ಸೇವೆಗಳಿಗೆ ಚಾಲನೆ ದೊರೆತಿರುವುದು ಈ ಸಂಪರ್ಕವನ್ನು ಇನ್ನಷ್ಟು ಸುಗಮಗೊಳಿಸಿವೆ.

ಮಾರಿಷಸ್ ಪ್ರವಾಸದ ಕಾರ್ಯಕ್ರಮ ಪಟ್ಟಿಯಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಒಂದು ಅಂಶವೆಂದರೆ ಕ್ಯಾಟಮರಾನ್ ನೌಕಾವಿಹಾರ. ಇತರರೊಂದಿಗೆ ಆಸನ ಹಂಚಿಕೊಂಡು ಹೋಗುವುದು ಒಂದು ಬಗೆ. ಇಡೀ ನೌಕೆಯನ್ನು ನಾವಿಕರ ಸಮೇತ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆಯುವುದು ಇನ್ನೊಂದು ಬಗೆ. ಎರಡನೆಯದೇ ಖಾಸಗಿ ವಿಹಾರ. ಇದರಲ್ಲಿ ತೊಡಗುವ ಹಣ ಸಣ್ಣದಲ್ಲ. ಆದರೂ ಬಹುತೇಕ ಗ್ರಾಹಕರು ಊಟದ ಪಟ್ಟಿ, ಸಂಗೀತ, ಛಾಯಾಚಿತ್ರಗಳ ಬಗ್ಗೆ ವಿಚಾರಿಸುವಷ್ಟು ಆಸ್ಥೆಯಿಂದ ಒಂದು ಮೂಲಭೂತ ಪ್ರಶ್ನೆಯನ್ನು ಕೇಳುವುದಿಲ್ಲ: ಸಮುದ್ರ ಸರಿಯಿಲ್ಲವೆಂದು ನೌಕಾನಾಯಕನು ಹೊರಡಲು ನಿರಾಕರಿಸಿದ ದಿನ ನಷ್ಟವನ್ನು ಭರಿಸುವವರು ಯಾರು? ಈ ಪ್ರಶ್ನೆಗೆ ದೊರೆಯುವ ಉತ್ತರದ ಮೇಲೆ ಹಣ ಮಾತ್ರವಲ್ಲ, ಪ್ರಯಾಣಿಕರ ಸುರಕ್ಷತೆಯೂ ನಿಂತಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದದ ಮೂಲ ಮತ್ತು ನೌಕೆಯ ಸ್ವರೂಪ

‘ಕ್ಯಾಟಮರಾನ್’ ಎಂಬುದು ತಮಿಳಿನ ‘ಕಟ್ಟುಮರಂ’ ಎಂಬ ಪದದ ರೂಪಾಂತರ. ಕಟ್ಟಿದ ಮರ ಎಂಬ ಇದರ ಅರ್ಥವು ಕನ್ನಡಿಗರಿಗೆ ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಕೋರಮಂಡಲ ತೀರದ ಮೀನುಗಾರರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಬಳಸುತ್ತಿದ್ದ ತೆಪ್ಪಕ್ಕೆ ಈ ಹೆಸರಿತ್ತು. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದನ್ನು ಪ್ರಸ್ತಾಪಿಸಿದ್ದಾನೆ. ಇಂದಿನ ಕ್ಯಾಟಮರಾನ್ ಮಾತ್ರ ರಚನೆಯ ದೃಷ್ಟಿಯಿಂದ ತೆಪ್ಪಕ್ಕಿಂತ ಪೆಸಿಫಿಕ್ ಸಾಗರದ ಪಾಲಿನೇಷ್ಯನ್ನರ ಜೋಡಿದೋಣಿಗೆ ಹತ್ತಿರವಾದುದು. ಅಮೆರಿಕದ ನೌಕಾವಿನ್ಯಾಸಕಾರ ನಥಾನಿಯಲ್ ಹೆರೆಶಾಫ್ 1876ರಲ್ಲಿ ‘ಅಮರಿಲಿಸ್’ ಎಂಬ ಜೋಡಿ ಒಡಲಿನ ಹಾಯಿನೌಕೆಯನ್ನು ನ್ಯೂಯಾರ್ಕ್‌ನ ಪಂದ್ಯಕ್ಕೆ ಇಳಿಸಿ ಉಳಿದ ನೌಕೆಗಳನ್ನು ಹಿಂದಿಕ್ಕಿದಾಗ ಈ ವಿನ್ಯಾಸದ ವೇಗ ಪಾಶ್ಚಾತ್ಯ ಜಗತ್ತಿನ ಗಮನ ಸೆಳೆಯಿತು. ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ಹೊಳೆ ದಾಟುವ ಪದ್ಧತಿ ಕರ್ನಾಟಕದ ಕರಾವಳಿಗೂ ಅಪರಿಚಿತವಲ್ಲ.

ಕ್ಯಾಟಮರಾನ್‌ಗೆ ಸಮಾನಾಂತರವಾದ ಎರಡು ಕಿರಿದಾದ ಒಡಲುಗಳಿರುತ್ತವೆ. ಅವುಗಳನ್ನು ಬೆಸೆಯುವ ವಿಶಾಲವಾದ ಅಟ್ಟದ ಮೇಲೆ ಪ್ರಯಾಣಿಕರು ಕುಳಿತುಕೊಳ್ಳುತ್ತಾರೆ. ಸುಮಾರು 12 ಮೀಟರ್ ಉದ್ದದ ಒಂಟಿ ಒಡಲಿನ ಹಾಯಿನೌಕೆಯ ಅಗಲ 4 ಮೀಟರ್ ಆಸುಪಾಸಿನಲ್ಲಿದ್ದರೆ, ಅಷ್ಟೇ ಉದ್ದದ ಕ್ಯಾಟಮರಾನ್ 6ರಿಂದ 7 ಮೀಟರ್ ಅಗಲವಿರುತ್ತದೆ. ಒಂಟಿ ಒಡಲಿನ ನೌಕೆಯು ತಳದಲ್ಲಿರುವ ಭಾರದಿಂದ ಸ್ಥಿರತೆ ಪಡೆಯುತ್ತದೆ. ಕ್ಯಾಟಮರಾನ್ ತನ್ನ ಅಗಲದಿಂದಲೇ ಸ್ಥಿರತೆ ಪಡೆಯುತ್ತದೆ. ಆದುದರಿಂದ ಅದು ಗಾಳಿಗೆ ಹೆಚ್ಚು ವಾಲುವುದಿಲ್ಲ. ವೃದ್ಧರು, ಮಕ್ಕಳು ಸಹ ನಿರಾತಂಕವಾಗಿ ಓಡಾಡಬಹುದು. ತಳದಲ್ಲಿ ಭಾರವಾದ ಕೀಲು ಇಲ್ಲದ ಕಾರಣ ಒಂದೂಕಾಲು ಮೀಟರಿನಷ್ಟು ಆಳದ ನೀರಿದ್ದರೂ ತೇಲಬಲ್ಲದು. ಹವಳದ ದಿಬ್ಬಗಳ ಒಳಗಿನ ಆಳವಿಲ್ಲದ ನೀರಿಗೆ ಇದು ಹೇಳಿ ಮಾಡಿಸಿದಂತಹ ನೌಕೆ.

ಈ ಗುಣಗಳ ಮಗ್ಗುಲಲ್ಲೇ ಎರಡು ದೋಷಗಳಿವೆ. ಒಂಟಿ ಒಡಲಿನ ನೌಕೆಯು ಗಾಳಿ ಹೆಚ್ಚಾದೊಡನೆ ವಾಲಿ, ಹಾಯಿ ಇಳಿಸಬೇಕೆಂಬ ಎಚ್ಚರಿಕೆಯನ್ನು ತಾನೇ ನೀಡುತ್ತದೆ. ಕ್ಯಾಟಮರಾನ್ ಅಂತಹ ಎಚ್ಚರಿಕೆಯನ್ನು ಅಷ್ಟು ಸ್ಪಷ್ಟವಾಗಿ ನೀಡದು. ನೌಕಾನಾಯಕನು ಗಾಳಿಯ ವೇಗಮಾಪಕವನ್ನು ನೋಡಿ ಮುಂಚಿತವಾಗಿಯೇ ಹಾಯಿ ಕುಗ್ಗಿಸಬೇಕಾಗುತ್ತದೆ. ಒಮ್ಮೆ ಮಗುಚಿದರೆ ಅದು ತಾನಾಗಿ ಮೇಲೇಳುವುದೂ ಇಲ್ಲ. ಎರಡನೆಯದಾಗಿ, ಒಡಲುಗಳು ಕಿರಿದಾಗಿರುವುದರಿಂದ ಹೆಚ್ಚುವರಿ ಭಾರಕ್ಕೆ ಅದು ಬೇಗನೆ ಕುಗ್ಗುತ್ತದೆ. ಅಟ್ಟದ ತಳಭಾಗವು ನೀರಿಗೆ ಸಮೀಪಿಸಿ ಅಲೆಗಳು ಅದಕ್ಕೆ ಅಪ್ಪಳಿಸತೊಡಗುತ್ತವೆ. ಪರವಾನಗಿಯಲ್ಲಿ ನಮೂದಾಗಿರುವ ಪ್ರಯಾಣಿಕರ ಸಂಖ್ಯೆಯನ್ನು ಕೇವಲ ಕಾಗದದ ನಿಯಮವೆಂದು ಭಾವಿಸಬಾರದೆನ್ನುವುದಕ್ಕೆ ಇದು ಕಾರಣ.

ದ್ವೀಪದ ಭೂಗೋಳ ಮತ್ತು ಋತುಮಾನ

ಮಾರಿಷಸ್ ದ್ವೀಪವು ಬಹುತೇಕ ಸುತ್ತಲೂ ಹವಳದ ದಿಬ್ಬದಿಂದ ಆವೃತವಾಗಿದೆ. ದಿಬ್ಬಕ್ಕೂ ದಡಕ್ಕೂ ನಡುವೆ ಇರುವ ಶಾಂತ, ಆಳವಿಲ್ಲದ ಜಲರಾಶಿಗೆ ಲಗೂನ್ ಎಂದು ಹೆಸರು. ಸಾಗರದ ದೊಡ್ಡ ಅಲೆಗಳು ದಿಬ್ಬದ ಮೇಲೆ ಒಡೆದು ಬಲಗುಂದುತ್ತವೆ. ವಿಹಾರವು ಲಗೂನಿನ ಒಳಗೆ ನಡೆಯುವುದೋ ಅಥವಾ ದಿಬ್ಬದ ಕಂಡಿಯ ಮೂಲಕ ಹೊರಸಾಗರಕ್ಕೆ ಹೋಗುವುದೋ ಎಂಬುದೇ ಗ್ರಾಹಕನು ತಿಳಿದುಕೊಳ್ಳಬೇಕಾದ ಮೊದಲ ವ್ಯತ್ಯಾಸ.

ವಿಹಾರಗಳನ್ನು ಸ್ಥೂಲವಾಗಿ ಮೂರು ತೀರಗಳಿಗೆ ಅನುಗುಣವಾಗಿ ವಿಂಗಡಿಸಬಹುದು.

1. ಪೂರ್ವ ತೀರ: ತ್ರು ದೋ ದೂಸ್ ಗ್ರಾಮದ ಸುತ್ತಮುತ್ತಲಿಂದ ಹೊರಟು, ಇಲ್ ಓ ಸೆರ್ಫ್ ಎಂಬ ಕಿರುದ್ವೀಪ ಹಾಗೂ ಆಗ್ನೇಯ ಮಹಾನದಿಯ ಮುಖದ ಬಳಿಯ ಜಲಪಾತಕ್ಕೆ ಭೇಟಿ. ಪ್ರಯಾಣದ ಹೆಚ್ಚಿನ ಭಾಗ ಲಗೂನಿನೊಳಗೆ ಸಾಗುತ್ತದೆ.

2. ಉತ್ತರ ತೀರ: ಗ್ರಾಂಡ್ ಬೇಯಿಂದ ಹೊರಟು, ಕ್ವಾಂದ ಮೀರ್ ಬಂಡೆಯನ್ನು ಹಾದು ಇಲ್ ಪ್ಲಾತ್ ಮತ್ತು ಇಲೋ ಗಾಬ್ರಿಯೆಲ್ ಕಿರುದ್ವೀಪಗಳಿಗೆ ಪಯಣ. ಮಾರಿಷಸ್‌ನ ಉತ್ತರ ತುದಿಯಿಂದ ಇವು ಸುಮಾರು 10 ಕಿಲೋಮೀಟರ್ ದೂರದಲ್ಲಿವೆ. ಇದು ನಿಜವಾದ ಹೊರಸಾಗರದ ಪಯಣ. ಹಾಯಿ ಬಿಚ್ಚುವ ಅವಕಾಶ ಇಲ್ಲಿ ಹೆಚ್ಚು, ಅಲೆಗಳ ಕುಲುಕಾಟವೂ ಹೆಚ್ಚು.

3. ಪಶ್ಚಿಮ ತೀರ: ಬ್ಲ್ಯಾಕ್ ರಿವರ್ ಪ್ರದೇಶದಿಂದ ಹೊರಟು, ತಮರಿನ್ ಕೊಲ್ಲಿಯ ಬಳಿ ಡಾಲ್ಫಿನ್‌ಗಳನ್ನು ವೀಕ್ಷಿಸಿ, ಇಲ್ ಓ ಬೆನಿತಿಯೆ ಕಿರುದ್ವೀಪದತ್ತ ಸಾಗುವುದು. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಲ ಮಾರ್ನ್ ಪರ್ವತವು ಈ ದಾರಿಯುದ್ದಕ್ಕೂ ಕಾಣಿಸುತ್ತದೆ.

ದ್ವೀಪದ ಮೇಲೆ ವರ್ಷದ ಬಹುಕಾಲ ಬೀಸುವುದು ಆಗ್ನೇಯ ವಾಣಿಜ್ಯ ಮಾರುತಗಳು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಅಲ್ಲಿನ ಚಳಿಗಾಲದಲ್ಲಿ, ವಿಶೇಷವಾಗಿ ಜುಲೈ ಮತ್ತು ಆಗಸ್ಟ್‌ಗಳಲ್ಲಿ, ಇವು ಪ್ರಬಲವಾಗಿರುತ್ತವೆ. ಆಗ ಪೂರ್ವ ತೀರ ಗಾಳಿಗೆ ಎದುರಾಗಿದ್ದು, ಪಶ್ಚಿಮ ತೀರ ಬೆಟ್ಟಗಳ ಮರೆಯಲ್ಲಿ ಶಾಂತವಾಗಿರುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಬೇಸಿಗೆಯಲ್ಲಿ ಗಾಳಿ ತಗ್ಗಿ ಪೂರ್ವ ತೀರವೂ ಹಿತಕರವಾಗುತ್ತದೆ. ಆದರೆ ಅದೇ ಅವಧಿ ಚಂಡಮಾರುತಗಳ ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಅವುಗಳ ಸಂಭವ ಅಧಿಕ. 2024ರ ಜನವರಿ 15ರಂದು ಬೆಲಾಲ್ ಚಂಡಮಾರುತದ ಮಳೆಯಿಂದ ರಾಜಧಾನಿ ಪೋರ್ಟ್ ಲೂಯಿ ನಗರದ ಬೀದಿಗಳು ಜಲಾವೃತವಾದುದು ಇನ್ನೂ ನೆನಪಿನಲ್ಲಿದೆ. ಕರ್ನಾಟಕದ ಕುಟುಂಬಗಳು ಏಪ್ರಿಲ್–ಮೇ ತಿಂಗಳ ಶಾಲಾ ರಜೆಯಲ್ಲಿ ಹೋಗುವುದಾದರೆ ಚಂಡಮಾರುತದ ಭಯ ತಗ್ಗಿ, ಚಳಿಗಾಲದ ಗಾಳಿ ಇನ್ನೂ ಬಲಗೊಳ್ಳದ ಸಂಧಿಕಾಲ ದೊರೆಯುತ್ತದೆ.

ತೀರವನ್ನು ಮೊದಲು ನಿಶ್ಚಯಿಸಿ ಅನಂತರ ತಿಂಗಳನ್ನು ನೋಡುವುದು ತಪ್ಪು ಕ್ರಮ. ಪ್ರವಾಸದ ತಿಂಗಳು ಯಾವುದೆಂದು ನೋಡಿ ಅದಕ್ಕೆ ಹೊಂದುವ ತೀರವನ್ನು ಆರಿಸಿಕೊಳ್ಳುವುದು ಜಾಣತನ.

ವಿಹಾರದ ದಿನಚರಿ

ಪೂರ್ಣದಿನದ ವಿಹಾರವು ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತು ಗಂಟೆಯ ಸುಮಾರಿಗೆ ಆರಂಭವಾಗಿ ಮಧ್ಯಾಹ್ನ ಮೂರೂವರೆ–ನಾಲ್ಕು ಗಂಟೆಗೆ ಮುಗಿಯುತ್ತದೆ. ನೌಕಾನಾಯಕನ ಜೊತೆ ಒಬ್ಬರು ಅಥವಾ ಇಬ್ಬರು ಸಹಾಯಕ ನಾವಿಕರಿರುತ್ತಾರೆ. ನಡುವೆ ಲಂಗರು ಹಾಕಿ, ಮುಖವಾಡ ಮತ್ತು ಉಸಿರುಕೊಳವೆ ಧರಿಸಿ ಹವಳಗಳನ್ನು ನೋಡುವ ಈಜು, ನೌಕೆಯಲ್ಲೇ ಕೆಂಡದ ಮೇಲೆ ಬೇಯಿಸಿದ ಊಟ, ಕಿರುದ್ವೀಪದ ಮರಳಿನಲ್ಲಿ ಕೆಲವು ಕಾಲ ವಿಶ್ರಾಂತಿ ಇವು ವಾಡಿಕೆಯ ಅಂಗಗಳು. ಮಾರಿಷಸ್ ಜನಸಂಖ್ಯೆಯ ಸುಮಾರು ಮೂರನೇ ಎರಡರಷ್ಟು ಮಂದಿ ಭಾರತೀಯ ಮೂಲದವರಾದುದರಿಂದ ಸಸ್ಯಾಹಾರದ ಕಲ್ಪನೆ ಅಲ್ಲಿ ಅಪರಿಚಿತವಲ್ಲ. ಆದರೂ ನೌಕೆಯ ಊಟ ಮೀನು, ಕೋಳಿಗಳನ್ನೇ ಆಧರಿಸಿರುವುದು ರೂಢಿ. ಆದ್ದರಿಂದ ಪ್ರತ್ಯೇಕ ಒಲೆ, ಪ್ರತ್ಯೇಕ ಪಾತ್ರೆಯ ಅಪೇಕ್ಷೆಯಿದ್ದರೆ ಅದನ್ನು ಮುಂಚಿತವಾಗಿ ಲಿಖಿತವಾಗಿ ತಿಳಿಸಬೇಕು.

ಗ್ರಾಹಕರಲ್ಲಿ ಅನೇಕರಿಗೆ ಒಂದು ನಿರಾಸೆ ಕಾದಿರುತ್ತದೆ. ಜಾಹೀರಾತಿನ ಚಿತ್ರದಲ್ಲಿ ಬಿಳಿಯ ಹಾಯಿ ಬಿಚ್ಚಿಕೊಂಡಿದ್ದರೂ, ಲಗೂನಿನೊಳಗಿನ ವಿಹಾರದ ಬಹುಭಾಗ ಎಂಜಿನ್ ಬಲದಿಂದಲೇ ಸಾಗುತ್ತದೆ. ಇಕ್ಕಟ್ಟಾದ, ಹವಳ ತುಂಬಿದ ದಾರಿಯಲ್ಲಿ ಅದೇ ಸುರಕ್ಷಿತ. ಹಾಯಿಯ ಅನುಭವವೇ ಮುಖ್ಯವೆನ್ನುವವರು ಉತ್ತರ ತೀರದ ಪಯಣವನ್ನು ಆರಿಸಿಕೊಂಡು, ಅದಕ್ಕೆ ತಕ್ಕ ಹೊಟ್ಟೆತೊಳಸಿಗೂ ಸಿದ್ಧರಾಗಿರಬೇಕು.

ಬೆಲೆಯ ರಚನೆ

ಖಾಸಗಿ ವಿಹಾರದ ಬೆಲೆ ಏಕೆ ಅಧಿಕವೆನ್ನುವುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ಅರಿಯಬಹುದು. ಒಂದು ನೌಕೆಯ ಸಾಲದ ಕಂತು, ವಿಮೆ, ನಾವಿಕರ ವೇತನ, ತಂಗುದಾಣದ ಶುಲ್ಕ, ದುರಸ್ತಿ ಇವೆಲ್ಲ ಸೇರಿ ವಾರ್ಷಿಕ ಸ್ಥಿರವೆಚ್ಚ 90 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಹವಾಮಾನ, ದುರಸ್ತಿ ಮತ್ತು ಬೇಡಿಕೆಯ ಏರಿಳಿತಗಳನ್ನು ಕಳೆದು ವರ್ಷಕ್ಕೆ 180 ದಿನ ನೌಕೆಗೆ ಕೆಲಸ ದೊರೆತರೆ ದಿನವೊಂದಕ್ಕೆ ಸ್ಥಿರವೆಚ್ಚ 50,000 ರೂಪಾಯಿ. ಇಂಧನ ಮತ್ತು ಆಹಾರಕ್ಕೆ 15,000, ಲಾಭ 10,000 ಸೇರಿಸಿದರೆ ದಿನದ ಬಾಡಿಗೆ 75,000 ರೂಪಾಯಿ ಆಗುತ್ತದೆ.

ಹಂಚಿಕೆಯ ವಿಹಾರದಲ್ಲಿ 25 ಮಂದಿ ತಲಾ 3,000 ರೂಪಾಯಿ ನೀಡಿದರೆ ಈ ಮೊತ್ತ ಪೂರ್ಣಗೊಳ್ಳುತ್ತದೆ. ಅದೇ ನೌಕೆಯನ್ನು 10 ಮಂದಿಯ ಕುಟುಂಬ ಖಾಸಗಿಯಾಗಿ ಪಡೆದರೆ, ಊಟದ ಅಲ್ಪ ಉಳಿತಾಯವನ್ನು ಬದಿಗಿಟ್ಟರೆ, ತಲಾ 7,500 ರೂಪಾಯಿ ಬೀಳುತ್ತದೆ. ಹೆಚ್ಚುವರಿ 4,500 ರೂಪಾಯಿ ಐಷಾರಾಮಕ್ಕಲ್ಲ, ಖಾಲಿ ಉಳಿದ ಹದಿನೈದು ಆಸನಗಳಿಗೆ ಸಲ್ಲುವ ಬೆಲೆ. ಖಾಸಗಿತನವೆಂಬುದು ಮಾರಾಟವಾಗದೆ ಉಳಿದ ಆಸನಗಳ ಮತ್ತೊಂದು ಹೆಸರು. ಕಂಪನಿಯೊಂದು 20–25 ವಿತರಕರನ್ನು ಕರೆದೊಯ್ಯುವಾಗ ಖಾಸಗಿ ಬಾಡಿಗೆಯು ಹಂಚಿಕೆಯ ದರಕ್ಕೆ ಬಹುತೇಕ ಸಮನಾಗುವುದು ಈ ಕಾರಣದಿಂದ. ಸಂಖ್ಯೆ ಕಡಿಮೆಯಿದ್ದಾಗ ದೊಡ್ಡ ನೌಕೆಗೆ ಬದಲಾಗಿ ಚಿಕ್ಕದನ್ನು ಆರಿಸುವುದೇ ನಿಜವಾದ ಮಿತವ್ಯಯ.

ಇದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ಕೆಲಸದ ದಿನಗಳು 180ರಿಂದ 160ಕ್ಕೆ ಇಳಿದರೆ ದಿನದ ಸ್ಥಿರವೆಚ್ಚ 56,250 ರೂಪಾಯಿಗೆ ಏರಿ ಲಾಭದ ಬಹುಪಾಲು ಕರಗಿಹೋಗುತ್ತದೆ. ಕಾಳು, ಬಟ್ಟೆಗಳಂತೆ ನೌಕೆಯ ದಿನವನ್ನು ದಾಸ್ತಾನು ಮಾಡಲಾಗದು. ಸಂಜೆಯಾದೊಡನೆ ಅದು ಕಳೆದುಹೋದ ಸರಕು. ನೌಕೆಯ ಮಾಲೀಕನಿಗೆ ಪ್ರತಿಯೊಂದು ರದ್ದಾದ ದಿನವೂ ಎಷ್ಟು ನೋವಿನದು ಎಂಬುದು ಇದರಿಂದ ಸ್ಪಷ್ಟ.

ಹವಾಮಾನದ ನಷ್ಟ ಯಾರ ಪಾಲಿಗೆ?

ಮಾರಿಷಸ್‌ನ ಹವಾಮಾನ ಸೇವೆಯು ಚಂಡಮಾರುತದ ಸಂದರ್ಭದಲ್ಲಿ ಒಂದರಿಂದ ನಾಲ್ಕರವರೆಗಿನ ದರ್ಜೆಗಳಲ್ಲಿ ಎಚ್ಚರಿಕೆ ನೀಡುತ್ತದೆ. ಅದಲ್ಲದೆ ಬಲವಾದ ಗಾಳಿ, ಎತ್ತರದ ಅಲೆಗಳ ಬಗ್ಗೆ ಪ್ರತ್ಯೇಕ ಸೂಚನೆಗಳೂ ಪ್ರಕಟವಾಗುತ್ತವೆ. ಅಧಿಕೃತ ಎಚ್ಚರಿಕೆ ಇರುವ ದಿನ ವಿವಾದಕ್ಕೆ ಆಸ್ಪದವಿಲ್ಲ. ಕಷ್ಟವಿರುವುದು ಎರಡರ ನಡುವಣ ದಿನಗಳಲ್ಲಿ: ಎಚ್ಚರಿಕೆ ಪ್ರಕಟವಾಗಿಲ್ಲ, ಆದರೆ ದಿಬ್ಬದಾಚೆ ಗಾಳಿ 25 ನಾಟ್, ಎಂದರೆ ಗಂಟೆಗೆ ಸುಮಾರು 46 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದೆ. ಹೊರಡಬಹುದು, ಹೊರಡದಿರಬಹುದು. ಅಂತಹ ಬೆಳಿಗ್ಗೆ ನಿರ್ಧಾರವು ಒಬ್ಬ ನೌಕಾನಾಯಕನ ವಿವೇಚನೆಗೆ ಬಿಟ್ಟದ್ದು.

ಆ ವಿವೇಚನೆಯ ಮೇಲೆ ಕರಾರಿನ ಷರತ್ತುಗಳು ಬೀರುವ ಪ್ರಭಾವವನ್ನು ಮೂರು ಪ್ರಕರಣಗಳಲ್ಲಿ ಪರಿಶೀಲಿಸಬಹುದು.

ಮೊದಲನೆಯ ಪ್ರಕರಣ: ಮುಂಗಡ ಹಣ ಯಾವ ಕಾರಣಕ್ಕೂ ಮರಳುವುದಿಲ್ಲ. ಇಲ್ಲಿ ನಷ್ಟ ಪೂರ್ತಿಯಾಗಿ ಗ್ರಾಹಕನದು. ಹಣ ಕೊಟ್ಟವನು, ದೂರದಿಂದ ಬಂದವನು, ಮರುದಿನ ವಿಮಾನ ಹತ್ತಬೇಕಾದವನು ‘ಇಷ್ಟು ದೂರ ಬಂದಿದ್ದೇವೆ, ಸ್ವಲ್ಪ ಹೋಗಿ ಬರೋಣ’ ಎಂದು ಒತ್ತಾಯಿಸುತ್ತಾನೆ. ಸಮುದ್ರವನ್ನು ಅರಿಯದವನೇ ಅಲ್ಲಿ ಹೊರಡುವಂತೆ ಒತ್ತಡ ಹೇರುವವನಾಗುತ್ತಾನೆ.

ಎರಡನೆಯ ಪ್ರಕರಣ: ವಿಹಾರ ರದ್ದಾದರೆ ಪೂರ್ಣ ಹಣ ಮರುಪಾವತಿ. ಮೇಲ್ನೋಟಕ್ಕೆ ಇದು ಗ್ರಾಹಕನಿಗೆ ಅತ್ಯಂತ ಅನುಕೂಲಕರ. ಆದರೆ ಮೇಲಿನ ಲೆಕ್ಕದಂತೆ ಮಾಲೀಕನು ಇಂಧನ, ಆಹಾರದ 15,000 ರೂಪಾಯಿ ಉಳಿಸಿಕೊಂಡರೂ 60,000 ರೂಪಾಯಿ ಕಳೆದುಕೊಳ್ಳುತ್ತಾನೆ. ನಾವಿಕರು ದಿನಗೂಲಿಯವರಾದರೆ ಅವರ ಕೂಲಿಯೂ ಹೋಗುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಅವರು ತಮ್ಮ ರೀತಿಯಲ್ಲಿ ಅರ್ಥೈಸಿಕೊಂಡು ಹೊರಟೇಬಿಡುವ ಆಮಿಷ ಉಂಟಾಗುತ್ತದೆ. ಉದಾರವಾಗಿ ಕಾಣುವ ಷರತ್ತೇ ನೌಕೆಯನ್ನು ಅಪಾಯದತ್ತ ತಳ್ಳಬಲ್ಲದು.

ಮೂರನೆಯ ಪ್ರಕರಣ: ಕರಾರಿನಲ್ಲೇ ಒಂದು ಮೀಸಲು ದಿನವನ್ನು ನಮೂದಿಸುವುದು. ನೌಕಾನಾಯಕನು ನಿರಾಕರಿಸಿದರೆ ವಿಹಾರ ಆ ದಿನಕ್ಕೆ ಮುಂದೂಡಲ್ಪಡುತ್ತದೆ. ಅಂದೂ ಸಾಧ್ಯವಾಗದಿದ್ದರೆ ಮಾತ್ರ ನಿಗದಿತ ಭಾಗವನ್ನು ಕಳೆದು ಉಳಿದ ಹಣ ಮರುಪಾವತಿ. ಮೀಸಲು ದಿನವು ಹೇಗೂ ಕೆಲಸವಿಲ್ಲದೆ ಖಾಲಿ ಉಳಿಯಲಿದ್ದ ದಿನವಾದರೆ ಮಾಲೀಕನ ನಷ್ಟ ಬಹುಮಟ್ಟಿಗೆ ಭರ್ತಿಯಾಗುತ್ತದೆ. ಗ್ರಾಹಕನಿಗೂ ವಿಹಾರ ತಪ್ಪುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ‘ಇಂದು ಬೇಡ’ ಎನ್ನುವ ಮಾತು ಇಬ್ಬರಿಗೂ ಅಗ್ಗವಾಗುತ್ತದೆ.

ಈ ಮೂರರಿಂದ ದೊರೆಯುವ ತತ್ತ್ವ ಸರಳ: ನಿರ್ಧಾರ ಕೈಗೊಳ್ಳುವವನಿಗೆ ಆ ನಿರ್ಧಾರದಿಂದ ದೊಡ್ಡ ಲಾಭವಾಗಲಿ ದೊಡ್ಡ ನಷ್ಟವಾಗಲಿ ಆಗದಂತೆ ಕರಾರು ರೂಪಿಸಬೇಕು. ಸುರಕ್ಷತೆಯನ್ನು ಕೇವಲ ನೌಕಾನಾಯಕನ ಸದ್ಗುಣಕ್ಕೆ ಬಿಡದೆ, ಅವನು ಸದ್ಗುಣಿಯಾಗಿರುವುದು ದುಬಾರಿಯಾಗದಂತೆ ನೋಡಿಕೊಳ್ಳುವುದು ಗ್ರಾಹಕನ ಕೈಯಲ್ಲೂ ಇದೆ.

ಇದರ ಪ್ರಾಯೋಗಿಕ ಫಲವೊಂದಿದೆ. ವಿಹಾರವನ್ನು ರಜೆಯ ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದು ಸಾಮಾನ್ಯ ಪದ್ಧತಿ. ಸಮಾರೋಪದ ಸಂಭ್ರಮಕ್ಕೆ ಅದು ಒಪ್ಪುವಂತೆ ತೋರುತ್ತದೆ. ಆದರೆ ಕೊನೆಯ ದಿನಕ್ಕೆ ಮೀಸಲು ದಿನವಿರುವುದಿಲ್ಲ. ವಿಹಾರವನ್ನು ಎರಡನೆಯ ಅಥವಾ ಮೂರನೆಯ ದಿನ ಇಟ್ಟುಕೊಂಡರೆ ಒಂದು ರೂಪಾಯಿಯ ಹೆಚ್ಚುವರಿ ವೆಚ್ಚವಿಲ್ಲದೆ ಅತ್ಯುತ್ತಮ ವಿಮೆ ದೊರೆತಂತಾಗುತ್ತದೆ.

ಪರವಾನಗಿ ಮತ್ತು ಸುರಕ್ಷತೆ

ಮಾರಿಷಸ್‌ನಲ್ಲಿ ಪ್ರವಾಸಿಗರನ್ನು ಸಾಗಿಸುವ ವಿಹಾರನೌಕೆಗಳು 2006ರ ಪ್ರವಾಸೋದ್ಯಮ ಪ್ರಾಧಿಕಾರ ಕಾಯಿದೆಯಡಿ ಪರವಾನಗಿ ಪಡೆದಿರಬೇಕು. ನೌಕಾನಾಯಕನಿಗೂ ಪ್ರತ್ಯೇಕ ಪರವಾನಗಿ ಅವಶ್ಯ. ಕಡಲತೀರದಲ್ಲಿ ನಿಂತು ಅಗ್ಗದ ದರ ಹೇಳುವ ಮಧ್ಯವರ್ತಿಯ ಬಳಿ ಈ ಕಾಗದಗಳು ಇರಲಾರವು. ದರದ ವ್ಯತ್ಯಾಸದ ಹಿಂದೆ ವಿಮೆಯ ಅಭಾವ ಅಡಗಿರುವ ಸಾಧ್ಯತೆಯನ್ನು ಗ್ರಾಹಕನು ಮರೆಯಬಾರದು.

ಈ ಮಾತು ದೂರದ ದ್ವೀಪಕ್ಕಷ್ಟೇ ಸೀಮಿತವಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿ ಜಲಾಶಯದಲ್ಲಿ ಪ್ರವಾಸಿ ದೋಣಿ ಮಗುಚಿ 45 ಮಂದಿ ಪ್ರಾಣ ಕಳೆದುಕೊಂಡರು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಮಂದಿ ಅಸುನೀಗಿದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ತುಂಬಿಕೊಂಡ ದೋಣಿಯ ದುರಂತದಲ್ಲಿ 22 ಮಂದಿ ಮೃತಪಟ್ಟರು. ಸಂತೋಷಕ್ಕೆಂದು, ಹರಕೆಗೆಂದು ಹೊರಟ ಕುಟುಂಬಗಳು ಇವು. ಇಂತಹ ಪ್ರಯಾಣಗಳಲ್ಲಿ ಹತ್ತುವ ಮುನ್ನ ತಲೆ ಎಣಿಸುವುದು, ಜೀವರಕ್ಷಕ ಅಂಗಿ ತೊಡಿಸುವುದು, ಬೇಡವೆನ್ನುವುದು ಇವು ಯಾವ ಬಂಡವಾಳವನ್ನೂ ಬೇಡುವ ಕ್ರಮಗಳಲ್ಲ.

ಕ್ಯಾಟಮರಾನ್ ಅಗಲವಾಗಿದೆ, ವಾಲುವುದಿಲ್ಲ ಎಂಬ ಭರವಸೆಯಿಂದ ಜೀವರಕ್ಷಕ ಅಂಗಿಗಳನ್ನು ಪೆಟ್ಟಿಗೆಯಲ್ಲೇ ಉಳಿಸುವ ಪ್ರವೃತ್ತಿ ಕಂಡುಬರುತ್ತದೆ. ಮಕ್ಕಳ ಅಳತೆಯ ಅಂಗಿಗಳು ಇವೆಯೇ ಎಂಬುದನ್ನು ದಡದಲ್ಲೇ ಪರೀಕ್ಷಿಸುವುದು ಅವಶ್ಯ. ಮುಂಭಾಗದ ಬಲೆಯ ಮೇಲೆ ಮಲಗುವುದು ಈ ನೌಕೆಗಳ ವಿಶೇಷ ಆಕರ್ಷಣೆ. ಹೊರಸಾಗರದ ಅಲೆಗಳಲ್ಲಿ ಮಕ್ಕಳನ್ನು ಅಲ್ಲಿ ಕೂರಿಸುವುದು ಸಲ್ಲದು. ಮದ್ಯಪಾನ ಮಾಡಿದ ಬಳಿಕ ಈಜಲು ಇಳಿಯುವುದಂತೂ ಸಂಪೂರ್ಣ ವರ್ಜ್ಯ.

ಲಗೂನ್ ಎಂಬ ಮೂಲಬಂಡವಾಳ

ಈ ಉದ್ಯಮದ ನಿಜವಾದ ಬಂಡವಾಳ ನೌಕೆಯಲ್ಲ, ತಿಳಿನೀರಿನ ಲಗೂನ್. 2020ರ ಜುಲೈ 25ರಂದು ‘ವಕಾಶಿಯೊ’ ಎಂಬ ಸರಕು ಹಡಗು ಆಗ್ನೇಯ ತೀರದ ಪ್ವಾಂತ್ ದೆನಿ ಬಳಿ ಹವಳದ ದಿಬ್ಬವನ್ನೇರಿ ನಿಂತಿತು. ಆಗಸ್ಟ್ ತಿಂಗಳಲ್ಲಿ ಅದರಿಂದ ಸುಮಾರು 1,000 ಟನ್ ಇಂಧನ ತೈಲ ಸಮುದ್ರಕ್ಕೆ ಸೋರಿತು. ಸ್ಥಳೀಯರು ಕಬ್ಬಿನ ರವದಿಯನ್ನು ಬಟ್ಟೆಚೀಲಗಳಲ್ಲಿ ತುಂಬಿ ತೇಲುವ ತಡೆಗಳನ್ನು ಹೊಲಿದು ತೈಲವನ್ನು ತಡೆಯಲು ಶ್ರಮಿಸಿದರು. ಕೊರೋನಾ ನಿರ್ಬಂಧಗಳಿಂದ ಪ್ರವಾಸಿಗರೇ ಇಲ್ಲದಿದ್ದ ವರ್ಷವದು. 2019ರಲ್ಲಿ ಸುಮಾರು 13.8 ಲಕ್ಷದಷ್ಟಿದ್ದ ಪ್ರವಾಸಿಗರ ಸಂಖ್ಯೆ 2020ರಲ್ಲಿ ಸುಮಾರು 3 ಲಕ್ಷಕ್ಕೆ ಕುಸಿದಿತ್ತು. 2023ರ ವೇಳೆಗೆ ಅದು ಮತ್ತೆ ಸುಮಾರು 13 ಲಕ್ಷಕ್ಕೆ ಏರಿತು. ಪ್ರವಾಸಿಗರು ಮೂರು ವರ್ಷಗಳಲ್ಲಿ ಮರಳಬಲ್ಲರು. ನಾಶವಾದ ಹವಳ ಅಷ್ಟು ಬೇಗ ಮರಳದು.

ದೊಡ್ಡ ಹಡಗು ಒಮ್ಮೆಲೇ ಮಾಡುವ ಹಾನಿಯನ್ನು ಸಣ್ಣ ನೌಕೆಗಳು ದಿನದಿನವೂ ಅಲ್ಪಸ್ವಲ್ಪವಾಗಿ ಮಾಡುವುದುಂಟು. ಹವಳದ ಮೇಲೆ ಎಸೆದ ಲಂಗರು, ವಿಶ್ರಮಿಸುತ್ತಿರುವ ಡಾಲ್ಫಿನ್‌ಗಳನ್ನು ಸುತ್ತುಗಟ್ಟುವ ನೌಕೆಗಳ ಸಾಲು, ಹವಳವನ್ನು ತುಳಿದು ನಿಲ್ಲುವ ಈಜುಗಾರ ಇವೆಲ್ಲ ಅದರ ಉದಾಹರಣೆಗಳು. ರಾತ್ರಿಯಿಡೀ ಬೇಟೆಯಾಡಿದ ಡಾಲ್ಫಿನ್‌ಗಳು ಬೆಳಗಿನ ವೇಳೆ ವಿಶ್ರಾಂತಿಗಾಗಿ ಕೊಲ್ಲಿಗಳಿಗೆ ಬರುತ್ತವೆ. ಖಾಸಗಿ ವಿಹಾರದಲ್ಲಿ ಬಾಡಿಗೆದಾರನ ಮಾತಿಗೆ ಬೆಲೆಯಿರುತ್ತದೆ. ‘ಇನ್ನೂ ಹತ್ತಿರ’ ಎನ್ನದೆ ದೂರದಿಂದಲೇ ನೋಡುವುದಾಗಿ ಮೊದಲೇ ತಿಳಿಸಿದರೆ ನೌಕಾನಾಯಕನಿಗೂ ನಿಯಮ ಪಾಲಿಸುವುದು ಸುಲಭವಾಗುತ್ತದೆ.

ಕರಾರಿನಲ್ಲಿ ಇರಬೇಕಾದ ಅಂಶಗಳು

ಮುಂಗಡ ಪಾವತಿಸುವ ಮುನ್ನ ಕೆಳಗಿನ ಅಂಶಗಳನ್ನು ಲಿಖಿತವಾಗಿ ಪಡೆಯುವುದು ಸೂಕ್ತ.

1. ನೌಕೆಯ ಹೆಸರು, ಪರವಾನಗಿ ಸಂಖ್ಯೆ, ಅನುಮತಿಸಿದ ಗರಿಷ್ಠ ಪ್ರಯಾಣಿಕರ ಸಂಖ್ಯೆ. ಮಕ್ಕಳನ್ನೂ ಸೇರಿಸಿ ಎಣಿಸಲಾಗಿದೆಯೇ ಎಂಬ ಸ್ಪಷ್ಟನೆ.
2. ಪ್ರಯಾಣಿಕರ ಹೊಣೆಗಾರಿಕೆ ವಿಮೆಯ ವಿವರ.
3. ಪಯಣದ ಮಾರ್ಗ, ಲಗೂನಿನ ಒಳಗೋ ಹೊರಗೋ ಎಂಬ ವಿವರ, ಬದಲಿ ಮಾರ್ಗವಿದ್ದರೆ ಅದರ ಉಲ್ಲೇಖ.
4. ಹೊರಡದಿರುವ ನಿರ್ಧಾರ ನೌಕಾನಾಯಕನದೇ ಅಂತಿಮ ಎಂಬ ಷರತ್ತು ಮತ್ತು ಅದನ್ನು ತಿಳಿಸಬೇಕಾದ ಸಮಯ.
5. ಮೀಸಲು ದಿನ, ಅದೂ ತಪ್ಪಿದರೆ ಮರುಪಾವತಿಯ ಪ್ರಮಾಣ ಮತ್ತು ಅವಧಿ.
6. ನಡುದಾರಿಯಲ್ಲಿ ಹಿಂತಿರುಗಬೇಕಾಗಿ ಬಂದಲ್ಲಿ ಲೆಕ್ಕ ಹೇಗೆಂಬ ವಿವರ.
7. ರದ್ದಾದ ದಿನವೂ ನಾವಿಕರಿಗೆ ವೇತನ ದೊರೆಯುವುದೇ ಎಂಬ ಪ್ರಶ್ನೆಗೆ ಉತ್ತರ.
8. ಊಟ, ಹೋಟೆಲಿನಿಂದ ಸಾರಿಗೆ, ತೆರಿಗೆ ಇವುಗಳಲ್ಲಿ ಯಾವುದು ಬಾಡಿಗೆಯಲ್ಲಿ ಸೇರಿದೆ. ಯಾವ ಚಲಾವಣೆಯಲ್ಲಿ ಪಾವತಿ.

ಏಳನೆಯ ಅಂಶ ಅನೇಕರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಚುಕ್ಕಾಣಿ ಹಿಡಿದವನ ಮನೆಯ ಒಲೆಯು ಆ ದಿನದ ಪಯಣವನ್ನೇ ಅವಲಂಬಿಸಿದ್ದರೆ ಅವನ ‘ಬೇಡ’ ಎಂಬ ಮಾತು ದುರ್ಬಲವಾಗುವುದು ಸಹಜ.

ಕಾನೂನಿನ ದೃಷ್ಟಿಯಿಂದ ಒಂದು ಎಚ್ಚರಿಕೆ ಅಗತ್ಯ. ನೆರವೇರಿಸಲು ಅಸಾಧ್ಯವಾದ ಕರಾರು ನಿರರ್ಥಕವಾಗುತ್ತದೆ, ಪಡೆದ ಪ್ರಯೋಜನವನ್ನು ಹಿಂತಿರುಗಿಸಬೇಕು ಎಂಬ ತತ್ತ್ವಗಳು 1872ರ ಭಾರತೀಯ ಕರಾರು ಅಧಿನಿಯಮದ 56 ಮತ್ತು 65ನೇ ಪ್ರಕರಣಗಳಲ್ಲಿವೆ. ಆದರೆ ಮಾರಿಷಸ್‌ನ ಮಾಲೀಕನೊಂದಿಗೆ ನೇರವಾಗಿ ಮಾಡಿಕೊಂಡ ಕರಾರಿಗೆ ಅವು ತಾವಾಗಿಯೇ ಅನ್ವಯವಾಗಲಾರವು. ಅಲ್ಲಿನ ನಾಗರಿಕ ಕಾನೂನು ಫ್ರೆಂಚ್ ಸಂಹಿತೆಯ ಪರಂಪರೆಗೆ ಸೇರಿದುದು. ಅಲ್ಪ ಮೊತ್ತಕ್ಕಾಗಿ ಪರದೇಶದಲ್ಲಿ ದಾವೆ ಹೂಡುವುದು ಕಾರ್ಯಸಾಧ್ಯವಲ್ಲ. ಆದ್ದರಿಂದ ಸ್ಪಷ್ಟವಾದ ಷರತ್ತೇ ನಿಜವಾದ ರಕ್ಷಣೆ.

ಕರ್ನಾಟಕದ ಉದ್ಯಮಿಗಳಿಗೆ ಸೂಚನೆ

ಸುಮಾರು 320 ಕಿಲೋಮೀಟರ್ ಉದ್ದದ ಕರ್ನಾಟಕದ ಕರಾವಳಿಯಲ್ಲಿಯೂ ಇಂತಹ ಉದ್ಯಮದ ಸಾಧ್ಯತೆ ಕುರಿತು ಆಸಕ್ತಿ ಕಂಡುಬರುತ್ತದೆ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪ, ಮುರುಡೇಶ್ವರದ ಆಚೆಯ ನೇತ್ರಾಣಿ, ಕಾರವಾರದ ಕೂರ್ಮಗಡ ಇವು ಸಹಜ ಆಕರ್ಷಣೆಗಳು. ಆದರೆ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಇಲ್ಲಿ ಅಲೆಗಳನ್ನು ತಡೆಯುವ ಹವಳದ ದಿಬ್ಬದ ಆವರಣವಿಲ್ಲ. ಆ ಬಗೆಯ ಶಾಂತಜಲ ದೊರೆಯುವುದು ಕಾಳಿ, ಶರಾವತಿ, ನೇತ್ರಾವತಿಯಂತಹ ನದಿಗಳ ಅಳಿವೆಗಳಲ್ಲಿ. ಎರಡನೆಯದಾಗಿ, ಮುಂಗಾರಿನ ತಿಂಗಳುಗಳಲ್ಲಿ ಕಡಲವಿಹಾರ ಸಂಪೂರ್ಣ ಸ್ಥಗಿತಗೊಳ್ಳುತ್ತದೆ. ಎಂದರೆ ಸ್ಥಿರವೆಚ್ಚವನ್ನು ಹಂಚಬೇಕಾದ ದಿನಗಳು ಆರಂಭದಲ್ಲೇ ಸೀಮಿತ. ಮಾರಿಷಸ್‌ನ ಮಾದರಿಯನ್ನು ಹಾಗೆಯೇ ನಕಲು ಮಾಡುವ ಬದಲು, ಈ ಲೆಕ್ಕವನ್ನು ಮೊದಲು ಮಾಡಿ ಅನಂತರ ನೌಕೆಯ ಗಾತ್ರವನ್ನು ನಿರ್ಧರಿಸುವುದು ಕ್ಷೇಮ.

ಉಪಸಂಹಾರ

ಖಾಸಗಿ ಕ್ಯಾಟಮರಾನ್ ವಿಹಾರದಲ್ಲಿ ಗ್ರಾಹಕನು ಕೊಳ್ಳುವುದು ನೌಕೆಯನ್ನಲ್ಲ, ಊಟವನ್ನಲ್ಲ. ಒಂದು ದಿನದ ಮಟ್ಟಿಗೆ ಒಬ್ಬ ಅನುಭವಿ ನಾವಿಕನ ವಿವೇಚನೆಯನ್ನು. ಹೊರಡೋಣ ಎನ್ನುವ ಮಾತಿಗಷ್ಟೇ ಹಣ ಕೊಟ್ಟು, ಬೇಡ ಎನ್ನುವ ಮಾತಿಗೆ ದಂಡ ವಿಧಿಸುವ ಕರಾರು ಆ ವಿವೇಚನೆಯನ್ನು ಕೊಂಡಂತಾಗುವುದಿಲ್ಲ. ಎರಡೂ ಮಾತುಗಳಿಗೆ ಸಮಾನ ಗೌರವವಿರುವಂತೆ ಷರತ್ತುಗಳನ್ನು ಬರೆಯಿಸಿಕೊಂಡ ಗ್ರಾಹಕನು ಬೆಳಿಗ್ಗೆ ದಡದಲ್ಲಿ ನಿಂತು ಆಕಾಶದತ್ತ ನೋಡುವಾಗ ತನ್ನ ಮುಂಗಡದ ಬಗ್ಗೆ ಯೋಚಿಸಬೇಕಾಗುವುದಿಲ್ಲ. ತನ್ನ ಮಕ್ಕಳ ಬಗ್ಗೆ ಮಾತ್ರ ಯೋಚಿಸಿದರೆ ಸಾಕಾಗುತ್ತದೆ.